ಅಳತೆ ಒಂದೇ, ಹೊರುವ ಬಲ ಬೇರೆ

1927ರಲ್ಲಿ ಕಟ್ಟಲಾಗಿ 1933ರಲ್ಲಿ ಇಸ್ಮಾಯಿಲ್ ಸೇಠ್ ಅವರಿಂದ ಉದ್ಘಾಟನೆಗೊಂಡ ಶಿವಾಜಿನಗರದ ರಸೆಲ್ ಮಾರುಕಟ್ಟೆಯು ಎತ್ತಿನ ಗಾಡಿ, ಜಟಕಾಗಳ ಕಾಲದಲ್ಲಿ ರೂಪುಗೊಂಡ ತಾಣವಾದ್ದರಿಂದ, ಅದರ ಸುತ್ತಲಿನ ಬೀದಿಗಳ ಅಗಲವೇ ಇಂದಿಗೂ ಅಲ್ಲಿಗೆ ಬರುವ ವಾಹನದ ಗಾತ್ರವನ್ನು ನಿರ್ಧರಿಸುತ್ತದೆ. ದೊಡ್ಡ ಲಾರಿ ಹೊಕ್ಕು ತಿರುಗಲಾರದ ಈ ಬೀದಿಗಳಿಗೆ ತರಕಾರಿ, ಹಣ್ಣು, ಹೂವು, ಮೀನುಗಳನ್ನು ತಲುಪಿಸುವ ಕೆಲಸ ಟಾಟಾ ಏಸ್, ಮಾರುತಿ ಓಮ್ನಿ, ಈಕೊಗಳಂಥ ಸಣ್ಣ ವ್ಯಾನು ಮತ್ತು ಲೋಡ್ ಗಾಡಿಗಳ ಪಾಲಿಗೆ ಬಂದಿದೆ. ಇವುಗಳಲ್ಲಿ ಅನೇಕವು ಕೋಲಾರ, ಮಾಲೂರು, ಹೊಸಕೋಟೆಗಳ ಕಡೆಯಿಂದ ರಾತ್ರಿಯಲ್ಲೇ ಹೊರಟು, ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ, ಇಂದಿರಾನಗರ, ಹಲಸೂರುಗಳನ್ನು ದಾಟಿ ಬೆಳಗಾಗುವುದರೊಳಗೆ ಶಿವಾಜಿನಗರ ಸೇರುತ್ತವೆ. ಇಂಥ ವಾಹನಗಳನ್ನು ನೆಚ್ಚಿಕೊಂಡವರು ಪತ್ರಿಕೆಗೆ ಮತ್ತೆ ಮತ್ತೆ ಬರೆದು ಕೇಳುವ ಪ್ರಶ್ನೆ ಒಂದೇ: ಸವೆದ ಟೈರು ಅಥವಾ ಕೆಟ್ಟ ರಿಮ್ ಬದಲಿಸುವಾಗ ಯಾವುದನ್ನು ಹಾಕಿದರೆ ಕ್ಷೇಮ, ಅದೇ ಅಳತೆಯದು ಕಡಿಮೆ ಬೆಲೆಗೆ ಸಿಕ್ಕರೆ ಹಾಕಬಹುದೇ?

ಈ ಪ್ರಶ್ನೆಯಲ್ಲಿರುವ ‘ಅದೇ ಅಳತೆ’ ಎಂಬ ಮಾತನ್ನೇ ಮೊದಲು ಪರಿಶೀಲಿಸಬೇಕಾಗಿದೆ. ಏಕೆಂದರೆ ಹೊರೆ ಹೊರುವ ವ್ಯಾನಿನ ಮಟ್ಟಿಗೆ ಅತ್ಯಂತ ಅಪಾಯಕಾರಿಯಾದ ಟೈರೆಂದರೆ ನೋಡಿದೊಡನೆ ಹೊಂದುವುದಿಲ್ಲವೆಂದು ತಿಳಿಯುವ ಟೈರಲ್ಲ, ಅಳತೆಯಲ್ಲಿ ಸರಿಯಾಗಿ ಹೊಂದಿಕೊಂಡು ಬಲದಲ್ಲಿ ಮಾತ್ರ ಕಡಿಮೆ ಬೀಳುವ ಟೈರು. ಮೊದಲನೆಯದು ರಿಮ್ಮಿಗೆ ಕೂರುವುದೇ ಇಲ್ಲವಾದ್ದರಿಂದ ಅಂಗಡಿಯಲ್ಲೇ ಉಳಿಯುತ್ತದೆ, ಎರಡನೆಯದು ರಸ್ತೆಗೆ ಇಳಿಯುತ್ತದೆ.

ಟೈರಿನ ಪಕ್ಕೆಯ ಮೇಲೆ, ಅಂದರೆ ನೆಲಕ್ಕೆ ತಾಗುವ ಭಾಗಕ್ಕೂ ರಿಮ್ಮಿಗೂ ನಡುವಿನ ಮೈಮೇಲೆ, ಉಬ್ಬಕ್ಷರಗಳಲ್ಲಿ ಅಚ್ಚಾಗಿರುವ ಬರಹವನ್ನು ಓದಲು ಕಲಿತರೆ ಈ ತೊಡಕಿನ ಬಹುಪಾಲು ಬಿಡಿಸಿಕೊಳ್ಳುತ್ತದೆ. ಟಾಟಾ ಏಸ್‌ನ ಟೈರಿನ ಮೇಲೆ ಕಾಣುವ ‘145 ಆರ್ 12 ಎಲ್‌ಟಿ 8 ಪಿಆರ್’ ಎಂಬ ಸಾಲನ್ನೇ ತೆಗೆದುಕೊಳ್ಳಬಹುದು. 145 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 12 ಎಂಬುದು ಅದು ಕೂರುವ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ನಡುವಿನ ‘ಆರ್’ ರೇಡಿಯಲ್ ಎಂಬುದರ ಸಂಕೇತವಾಗಿದ್ದು, ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಟೈರಿನೊಳಗಿನ ಎಳೆಗಳು ಓರೆಯಾಗಿ ಹೆಣೆದುಕೊಳ್ಳದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿರುತ್ತವೆ. ‘ಎಲ್‌ಟಿ’ ಎಂದರೆ ಲಘು ಟ್ರಕ್ಕಿಗೆಂದು ಮಾಡಿದ ಟೈರು. ಕೊನೆಯ ‘8 ಪಿಆರ್’ ಎಂಬುದು ಪ್ಲೈ ರೇಟಿಂಗ್, ಅಂದರೆ ಪದರಗಳ ಲೆಕ್ಕದಲ್ಲಿ ಹೇಳುವ ಬಲದ ದರ್ಜೆ. ಹಿಂದೆ ಟೈರಿನ ಒಡಲನ್ನು ಹತ್ತಿನೂಲಿನ ಪದರಗಳಿಂದ ಕಟ್ಟುತ್ತಿದ್ದಾಗ ಪದರ ಹೆಚ್ಚಿದಷ್ಟೂ ಬಲ ಹೆಚ್ಚುತ್ತಿದ್ದುದರಿಂದ ಪದರಗಳನ್ನು ಎಣಿಸುವ ರೂಢಿ ಬಂದಿತು. ಮುಂದೆ ನೈಲಾನ್, ಪಾಲಿಯೆಸ್ಟರ್, ಉಕ್ಕಿನ ಎಳೆಗಳು ಬಂದು ಕಡಿಮೆ ಪದರಗಳಲ್ಲೇ ಅಷ್ಟು ಬಲ ದೊರೆಯತೊಡಗಿದರೂ ಎಣಿಕೆಯ ಹೆಸರು ಮಾತ್ರ ದರ್ಜೆಯಾಗಿ ಉಳಿದುಕೊಂಡಿತು. ಆದ್ದರಿಂದ 8 ಪಿಆರ್ ಟೈರನ್ನು ಸೀಳಿದರೆ ಒಳಗೆ ಎಂಟು ಪದರ ಕಾಣುವುದಿಲ್ಲ; ಅದು ಹಳೆಯ ಎಂಟು ಪದರದ ಟೈರಿನಷ್ಟು ಒತ್ತಡವನ್ನು ತಾಳಬಲ್ಲದು ಎಂಬುದಷ್ಟೇ ಅದರ ಅರ್ಥ.

ಈಗ ಇದರ ಪಕ್ಕದಲ್ಲಿ ಮಾರುತಿ ಆಲ್ಟೊದ ಹಿಂದಿನ ಮಾದರಿಯ ಕಾರಿನ ಟೈರನ್ನು ಇಟ್ಟು ನೋಡಬೇಕು. ಅದರ ಮೇಲೆ ‘145/80 ಆರ್ 12 74’ ಎಂದು ಬರೆದಿರುತ್ತದೆ. ಅಗಲ ಅದೇ 145, ರಿಮ್ ಅದೇ 12 ಅಂಗುಲ. ಓರೆಗೆರೆಯ ನಂತರದ 80 ಎಂಬುದು ಟೈರಿನ ಪಕ್ಕೆಯ ಎತ್ತರವು ಅಗಲದ ಶೇ. 80ರಷ್ಟಿದೆ ಎಂಬುದನ್ನು ಹೇಳುತ್ತದೆ. ಲೋಡ್ ಟೈರಿನಲ್ಲಿ ಈ ಅಂಕಿಯನ್ನು ನಮೂದಿಸದಿದ್ದರೂ ಹಳೆಯ ರೂಢಿಯಂತೆ ಅಲ್ಲಿಯೂ ಎತ್ತರ ಸರಿಸುಮಾರು ಅಷ್ಟೇ ಇರುವುದರಿಂದ, ಎರಡೂ ಟೈರುಗಳು ನಿಲ್ಲಿಸಿದಾಗ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಕಣ್ಣಿಗೆ ಕಾಣುವ ಎಲ್ಲದರಲ್ಲೂ ಹೋಲುವ ಈ ಎರಡು ಟೈರುಗಳ ನಡುವಿನ ನಿಜವಾದ ವ್ಯತ್ಯಾಸ ಅಡಗಿರುವುದು 74 ಎಂಬ ಅಂಕಿಯಲ್ಲಿ. ಅದನ್ನು ಲೋಡ್ ಇಂಡೆಕ್ಸ್, ಅಂದರೆ ಹೊರೆಸೂಚಿ ಎನ್ನುತ್ತಾರೆ. ಇದು ಕಿಲೋಗ್ರಾಂ ಅಲ್ಲ, ಒಂದು ಅಂತರರಾಷ್ಟ್ರೀಯ ಪಟ್ಟಿಯ ಕ್ರಮಸಂಖ್ಯೆ; ಆ ಪಟ್ಟಿಯಲ್ಲಿ 74 ಎಂದರೆ ಒಂದು ಟೈರು ಹೊರಬಹುದಾದ ಗರಿಷ್ಠ ಭಾರ 375 ಕೆ.ಜಿ., 80 ಎಂದರೆ 450 ಕೆ.ಜಿ., 86 ಎಂದರೆ 530 ಕೆ.ಜಿ. 145 ಆರ್ 12 ಅಳತೆಯ 6 ಪಿಆರ್ ಟೈರಿಗೆ ಸಾಮಾನ್ಯವಾಗಿ 80ರ ಸೂಚಿಯೂ 8 ಪಿಆರ್ ಟೈರಿಗೆ 86ರ ಸೂಚಿಯೂ ಇರುತ್ತವೆ. ಲೋಡ್ ಟೈರುಗಳ ಮೇಲೆ ‘86/84’ ಎಂಬಂತೆ ಎರಡು ಅಂಕಿಗಳು ಜೋಡಿಯಾಗಿ ಕಂಡರೆ, ಮೊದಲನೆಯದು ಅಚ್ಚಿನ ತುದಿಗೆ ಒಂದೊಂದೇ ಚಕ್ರವಿದ್ದಾಗ, ಎರಡನೆಯದು ಲಾರಿಯ ಹಿಂಭಾಗದಂತೆ ಜೋಡಿ ಚಕ್ರಗಳಿದ್ದಾಗ ಅನ್ವಯಿಸುತ್ತದೆ.

ಈ ಅಂಕಿಗಳನ್ನು ಮಾರುಕಟ್ಟೆಯ ಲೆಕ್ಕಕ್ಕೆ ಇಳಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟಾಟಾ ಏಸ್‌ಗೆ ನಿಗದಿಯಾಗಿದ್ದ ಹೊರೆ 750 ಕೆ.ಜಿ.; ಗಾಡಿಯ ಸ್ವಂತ ತೂಕವನ್ನೂ ಸೇರಿಸಿದರೆ ಒಟ್ಟು ಭಾರ ಒಂದೂವರೆ ಟನ್ನಿಗಿಂತ ತುಸು ಹೆಚ್ಚಾಗುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ವ್ಯವಹಾರ ನಡೆಯುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ, ಆದ್ದರಿಂದ 50 ಬಾಕ್ಸ್ ಏರಿಸುತ್ತಲೇ ಈ ಗಾಡಿಯ ನಿಗದಿತ ಹೊರೆ ತುಂಬಿತೆಂದು ತಿಳಿಯಬೇಕು. ಇದಕ್ಕೆ ಆಲ್ಟೊದ ಟೈರುಗಳನ್ನು ಹಾಕಿದರೆ ನಾಲ್ಕೂ ಸೇರಿ ಹೊರಬಲ್ಲ ಭಾರ 1,500 ಕೆ.ಜಿ. ಮಾತ್ರ, ಅಂದರೆ ನ್ಯಾಯವಾಗಿ ಹೊರೆ ಹೇರಿದ ಗಾಡಿಯ ಭಾರಕ್ಕೂ ಅದು ಸಾಲದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಭಾರವು ನಾಲ್ಕು ಚಕ್ರಗಳ ಮೇಲೆ ಸಮನಾಗಿ ಹಂಚಿಹೋಗುವುದಿಲ್ಲ. ಸರಕಿನ ಬಹುಪಾಲು ಹಿಂದಿನ ಅಚ್ಚಿನ ಮೇಲೆಯೇ ಕೂರುವುದರಿಂದ, ಅಲ್ಲಿರುವ ಎರಡು ಕಾರಿನ ಟೈರುಗಳ 750 ಕೆ.ಜಿ. ಮಿತಿಯು ಗಾಡಿಯ ಹಿಂಭಾಗದ ಸ್ವಂತ ತೂಕ ಮತ್ತು ಸರಕು ಎರಡೂ ಸೇರಿದಾಗ ಮೀರಿಹೋಗುತ್ತದೆ. ಇನ್ನು ಸೀಸನ್ನಿನಲ್ಲಿ 70 ಬಾಕ್ಸ್ ಏರಿಸಿ ಸರಕೊಂದೇ 1,050 ಕೆ.ಜಿ. ಆದಾಗ ಉಳಿಯುವ ಅಂತರ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಮಿತಿಮೀರಿದ ಹೊರೆಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಇದೆ. ಆದರೆ ಸರಿಯಾದ ಹೊರೆಯನ್ನೇ ಹೊತ್ತ ಗಾಡಿ ಕೂಡ ತಪ್ಪಾದ ಟೈರಿನಿಂದಾಗಿ ಮಿತಿಮೀರಿದ ಗಾಡಿಯೇ ಆಗುತ್ತದೆಂಬುದು ಯಾವ ತೂಕದ ಸೇತುವೆಯಲ್ಲೂ ಕಾಣಿಸುವುದಿಲ್ಲ.

ಟೈರು ಭಾರವನ್ನು ಹೊರುವುದು ರಬ್ಬರಿನ ಗಟ್ಟಿತನದಿಂದಲ್ಲ, ಒಳಗಿನ ಗಾಳಿಯ ಒತ್ತಡದಿಂದ. ರಬ್ಬರು, ಎಳೆ, ಉಕ್ಕುಗಳೆಲ್ಲ ಆ ಗಾಳಿಯನ್ನು ಹಿಡಿದಿಡುವ ಕೆಲಸ ಮಾಡುತ್ತವೆ. ಕಾರಿನ ಟೈರು ತನ್ನ ಗರಿಷ್ಠ ಹೊರೆಯನ್ನು ಹೊರಲು ಸುಮಾರು 36 ಪಿಎಸ್‌ಐ, ಅಂದರೆ ಪ್ರತಿ ಚದರ ಅಂಗುಲಕ್ಕೆ 36 ಪೌಂಡ್ ಒತ್ತಡದ ಗಾಳಿ ಸಾಕಾದರೆ, 8 ಪಿಆರ್ ಲೋಡ್ ಟೈರಿಗೆ ಅದರ ಪೂರ್ಣ ಹೊರೆಯ ಹೊತ್ತಿಗೆ ಸುಮಾರು 65 ಪಿಎಸ್‌ಐ ಬೇಕಾಗುತ್ತದೆ. ಬಲವಾದ ಟೈರನ್ನು ಕೊಂಡು ಅದಕ್ಕೆ ಕಾರಿನ ಲೆಕ್ಕದ ಗಾಳಿ ತುಂಬಿದರೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಾದಂತೆಯೇ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ನೆಲದ ಬಳಿ ಅತಿಯಾಗಿ ಮಡಿಚಿ ಮತ್ತೆ ನೆಟ್ಟಗಾಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಅದು ಬಿಸಿಯಾಗಿ ಕೊನೆಗೆ ತುಂಡಾಗುವಂತೆ, ಟೈರಿನ ಪಕ್ಕೆಯೂ ಒಳಗೊಳಗೇ ಬೇಯುತ್ತದೆ. 12 ಅಂಗುಲದ ಈ ಸಣ್ಣ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 590 ಸಲ ಸುತ್ತುವುದರಿಂದ, ಕೋಲಾರದಿಂದ ಶಿವಾಜಿನಗರಕ್ಕೆ ಬರುವಷ್ಟರಲ್ಲಿ ಟೈರಿನ ಪ್ರತಿಯೊಂದು ಬಿಂದುವೂ ಸುಮಾರು 40 ಸಾವಿರ ಸಲ ಮಡಿಚಿರುತ್ತದೆ. ದೊಡ್ಡ ಚಕ್ರದ ಲಾರಿಗಿಂತ ಸಣ್ಣ ಚಕ್ರದ ವ್ಯಾನು ಟೈರಿನ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟನ್ನು ಬೇಡುವುದು ಇದರಿಂದಲೇ.

ಗಾಳಿ, ಹೊರೆ, ಶಾಖಗಳ ಈ ನಂಟು ಎಷ್ಟು ಘೋರವಾಗಬಲ್ಲದೆಂಬುದನ್ನು ಜಗತ್ತು 2000ನೆಯ ಇಸವಿಯಲ್ಲಿ ಕಂಡಿತು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿರುವಾಗಲೇ ಕಳಚಿಕೊಂಡು ವಾಹನಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ಪ್ರಕರಣದಲ್ಲಿ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಟೈರಿನ ವಿನ್ಯಾಸ ಮತ್ತು ತಯಾರಿಕೆಯ ದೋಷ ಒಂದೆಡೆಯಾದರೆ, 26 ಪಿಎಸ್‌ಐಯಷ್ಟೇ ಗಾಳಿ ಸಾಕೆಂದು ಸೂಚಿಸಿದ್ದು, ಅದರ ಮೇಲೆ ಹೊರೆ ಮತ್ತು ಬಿಸಿಲು ಸೇರಿಕೊಂಡದ್ದು ಇನ್ನೊಂದೆಡೆಯ ಕಾರಣಗಳಾಗಿ ಚರ್ಚೆಗೆ ಬಂದವು. ಟೈರಿನ ಗಾಳಿ ಇಳಿದಾಗ ಚಾಲಕನಿಗೆ ಎಚ್ಚರಿಕೆ ನೀಡುವ ಸಾಧನ ಅಮೆರಿಕದ ಹೊಸ ವಾಹನಗಳಲ್ಲಿ ಕಡ್ಡಾಯವಾದದ್ದು ಅದೇ ವರ್ಷ ರೂಪುಗೊಂಡ ಕಾನೂನಿನ ಫಲ. ನಮ್ಮ ಸಣ್ಣ ಲೋಡ್ ಗಾಡಿಗಳಲ್ಲಿ ಅಂಥ ಸಾಧನ ಅಪರೂಪವಾದ್ದರಿಂದ, ಗಾಳಿಯನ್ನು ಟೈರು ತಣ್ಣಗಿರುವಾಗ, ಅಂದರೆ ಹೊರಡುವ ಮುನ್ನವೇ, ಮೀಟರಿನಿಂದ ಅಳೆಯುವುದೊಂದೇ ದಾರಿ. ಲೋಡ್ ಟೈರಿನ ಪಕ್ಕೆ ಗಡುಸಾಗಿರುವ ಕಾರಣ ಅರ್ಧ ಗಾಳಿ ಹೋಗಿದ್ದರೂ ಅದು ಬಹಳ ಚಪ್ಪಟೆಯಾಗಿ ಕಾಣುವುದಿಲ್ಲ, ಕಾಲಿನಿಂದ ಒದ್ದು ನೋಡುವುದರಿಂದ ಏನೂ ತಿಳಿಯುವುದಿಲ್ಲ.

ಓಮ್ನಿಯ ಮೂಲ ಜಪಾನಿನ ಸುಜುಕಿ ಕ್ಯಾರಿ ಎಂಬ ಪುಟ್ಟ ವ್ಯಾನು ಎಂಬುದನ್ನು ಇಲ್ಲಿ ನೆನೆಯಬಹುದು. ಆ ವರ್ಗದ ಸಣ್ಣ ಸರಕು ವಾಹನಗಳಿಗೆ ಜಪಾನಿನಲ್ಲಿ ಕಾನೂನು ವಿಧಿಸಿರುವ ಗರಿಷ್ಠ ಹೊರೆ 350 ಕೆ.ಜಿ.; ಅಷ್ಟು ಕಡಿಮೆ ಹೊರೆಗೂ ಅಲ್ಲಿ 145 ಆರ್ 12 ಅಳತೆಯ ಲೋಡ್ ಟೈರನ್ನೇ ಬಳಸುವ ಪದ್ಧತಿಯಿದೆ. ಅದೇ 12 ಅಂಗುಲದ ಚಕ್ರದ ಮೇಲೆ ಅದರ ಎರಡು ಪಟ್ಟಿಗೂ ಮಿಗಿಲಾದ ಹೊರೆಯನ್ನು ಸಾಗಿಸುವ ಊರಿನಲ್ಲಿ ಕಾರಿನ ಟೈರಿನಿಂದ ಕೆಲಸ ನಡೆಯುತ್ತದೆಂದು ಭಾವಿಸುವುದಕ್ಕೆ ಆಧಾರವಿಲ್ಲ.

ಪಕ್ಕೆಯ ಬರಹ ಸವೆದು ಅಸ್ಪಷ್ಟವಾಗಿದ್ದಾಗ ನೆರವಿಗೆ ಬರುವ ಇನ್ನೊಂದು ಗುರುತಿದೆ. 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಭಾರತದಲ್ಲಿ ಮಾರಾಟವಾಗುವ ವಾಹನ ಟೈರುಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದ್ದು, ಆ ಮುದ್ರೆಯ ಮೇಲೆ ಮಾನಕದ ಸಂಖ್ಯೆ ಇರುತ್ತದೆ. ಪ್ರಯಾಣಿಕ ಕಾರಿನ ಟೈರುಗಳಿಗೆ ಅದು ಐಎಸ್ 15633, ವಾಣಿಜ್ಯ ವಾಹನಗಳ ಟೈರುಗಳಿಗೆ ಐಎಸ್ 15636. ಐದಂಕಿಯ ಈ ಸಂಖ್ಯೆಯ ಕೊನೆಯ ಅಂಕಿಯೊಂದನ್ನು ನೋಡಿದರೆ ಸಾಕು, ಅಂಗಡಿಯವರು ಏನೇ ಹೇಳಲಿ, ಆ ಟೈರು ಕಾರಿಗೆ ಹುಟ್ಟಿದ್ದೋ ಹೊರೆಗೆ ಹುಟ್ಟಿದ್ದೋ ಎಂಬುದು ತಿಳಿಯುತ್ತದೆ.

ಟೈರಿನ ವಯಸ್ಸನ್ನು ಓದುವುದೂ ಅಷ್ಟೇ ಸುಲಭ. ಪಕ್ಕೆಯ ಮೇಲೆ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುವುದರಿಂದ, 3523 ಎಂದಿದ್ದರೆ ಆ ಟೈರು 2023ರ 35ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಬಳಸದೆ ಇಟ್ಟರೂ ಗಾಳಿ, ಬಿಸಿಲುಗಳಿಗೆ ಒಣಗಿ ಬಿರುಕು ಬಿಡುತ್ತದೆ; ‘ಬಟನ್ ಚೆನ್ನಾಗಿದೆ’ ಎಂದು ತೋರಿಸುವ ಹಳೆಯ ಟೈರಿನ ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಆ ಬಟನ್ನಿಗೆ, ಅಂದರೆ ನೆಲ ಹಿಡಿಯುವ ಟ್ರೆಡ್‌ಗೆ, ಬೆಲೆಯಿಲ್ಲ. ನಿಯಮದಂತೆ ಇಂಥ ವಾಹನಗಳ ಟ್ರೆಡ್‌ನ ಗೀರುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು, ಗೀರಿನ ತಳದಲ್ಲಿರುವ ಚಿಕ್ಕ ಉಬ್ಬುಗಳು ಟ್ರೆಡ್‌ನ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿತೆಂದರ್ಥ. ಸವೆದ ಟೈರಿನ ಮೇಲೆ ಬಿಸಿ ಬ್ಲೇಡಿನಿಂದ ಗೀರು ಕೊರೆದು, ಕಪ್ಪು ಪಾಲಿಶ್ ಬಳಿದು ಹೊಸತರಂತೆ ಕಾಣಿಸುವ ಕೆಲಸ ಸೆಕೆಂಡ್ ಹ್ಯಾಂಡ್ ಟೈರಿನ ವ್ಯಾಪಾರದಲ್ಲಿ ಹೊಸದಲ್ಲ. ಹಾಗೆ ಕೊರೆಯಲೆಂದೇ ಹೆಚ್ಚುವರಿ ರಬ್ಬರು ಇಟ್ಟು ಮಾಡಿದ ದೊಡ್ಡ ಲಾರಿ ಟೈರುಗಳಿವೆ, ಆದರೆ ಸಣ್ಣ ವ್ಯಾನಿನ ಟೈರಿನಲ್ಲಿ ಆ ಗೀರು ಒಳಗಿನ ಉಕ್ಕಿನ ಪಟ್ಟಿಗೆ ತೀರ ಹತ್ತಿರ ಹೋಗಿಬಿಡುತ್ತದೆ. ಇದನ್ನು ಕಂಡುಹಿಡಿಯಲು ಗೀರಿನ ತಳದ ಉಬ್ಬುಗಳನ್ನು ಹುಡುಕಬೇಕು, ಕೊರೆದ ಟೈರಿನಲ್ಲಿ ಅವು ಕತ್ತರಿಸಿಹೋಗಿರುತ್ತವೆ.

ಶಿವಾಜಿನಗರದ ಗುಜರಿ ಅಂಗಡಿಗಳು ಬೆಂಗಳೂರಿನ ವಾಹನಗಳ ಬದುಕಿಗೆ ಸಲ್ಲಿಸಿರುವ ಸೇವೆ ದೊಡ್ಡದು. ಕಂಪನಿಯಲ್ಲಿ ಸಿಗದ ಬಿಡಿಭಾಗ ಅಲ್ಲಿ ಸಿಗುತ್ತದೆಂಬ ನಂಬಿಕೆ ಪೊಳ್ಳಲ್ಲ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತ ಮೇಲೆ ಅದರ ಮಾಲೀಕರಿಗೆ ಈ ಬೀದಿಗಳು ಇನ್ನಷ್ಟು ಅಗತ್ಯವಾಗಿವೆ. ಬಾಗಿಲು, ಸೀಟು, ದೀಪ, ಕನ್ನಡಿಗಳನ್ನು ಅಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದು. ಟೈರನ್ನು ಮಾತ್ರ ಬಳಸಿದ್ದು ಕೊಳ್ಳಬಾರದು, ಏಕೆಂದರೆ ಹಿಂದಿನ ಮಾಲೀಕ ಗಾಳಿಯಿಲ್ಲದೆ ಎಷ್ಟು ದೂರ ಓಡಿಸಿದ್ದ ಎಂಬುದನ್ನು ಹೊರಗಿನಿಂದ ನೋಡಿ ಹೇಳಬಲ್ಲವರು ಯಾರೂ ಇಲ್ಲ. ಹೆಸರಾಂತ ಕಂಪನಿಯ ಬಳಸಿದ ಟೈರಿಗಿಂತ, ಅಷ್ಟು ಹೆಸರಿಲ್ಲದ ಕಂಪನಿಯದಾದರೂ ಐಎಸ್‌ಐ ಮುದ್ರೆಯುಳ್ಳ, ಸರಿಯಾದ ಹೊರೆಸೂಚಿಯ ಹೊಸ ಟೈರೇ ಲೇಸು.

ರಿಮ್ಮಿನ ಮಾತು ಹಾಗಲ್ಲ. ಉಕ್ಕಿನ ರಿಮ್ಮನ್ನು, ಅಂದರೆ ಮೆಕ್ಯಾನಿಕ್ಕುಗಳು ಡಿಸ್ಕ್ ಎಂದು ಕರೆಯುವ ಚಕ್ರದ ಲೋಹದ ಭಾಗವನ್ನು, ಹಳೆಯದೇ ಆದರೂ ಕೂಲಂಕಷವಾಗಿ ಪರೀಕ್ಷಿಸಿ ಕೊಳ್ಳಲು ಸಾಧ್ಯವಿದೆ. ಆದರೆ ಪರೀಕ್ಷಿಸಬೇಕಾದ ಸಂಗತಿಗಳು ಟೈರಿನದಕ್ಕಿಂತ ಹೆಚ್ಚು. ಮೊದಲನೆಯದು ಪಿಸಿಡಿ, ಅಂದರೆ ಚಕ್ರದ ಬೋಲ್ಟುಗಳ ನಡುವನ್ನು ಹಾಯ್ದು ಎಳೆದ ವೃತ್ತದ ವ್ಯಾಸ. ನಾಲ್ಕು ಬೋಲ್ಟುಗಳ ರಿಮ್ಮುಗಳಲ್ಲಿ 100 ಮತ್ತು 114.3 ಮಿಲಿಮೀಟರಿನ ಅಳತೆಗಳು ಭಾರತದಲ್ಲಿ ಹೆಚ್ಚು ಬಳಕೆಯಲ್ಲಿದ್ದು, ಅವು ಒಂದಕ್ಕೊಂದು ಕೂರುವುದೇ ಇಲ್ಲವಾದ್ದರಿಂದ ಅಪಾಯವಿಲ್ಲ. ಅಪಾಯವಿರುವುದು ಹತ್ತಿರದ ಅಳತೆಗಳಲ್ಲಿ. ಫಿಯಟ್ ಕಾರುಗಳ 98 ಮಿಲಿಮೀಟರಿನ ರಿಮ್ಮನ್ನು 100ರ ಹಬ್ಬಿಗೆ, ಅಂದರೆ ಚಕ್ರ ಕೂರುವ ಅಚ್ಚಿನ ತುದಿಯ ಭಾಗಕ್ಕೆ, ಒತ್ತಾಯದಿಂದ ಕೂರಿಸಿ ನಟ್ ಬಿಗಿದರೆ ಅದು ಕೂತಂತೆ ಕಾಣುತ್ತದೆ. ಆದರೆ ಬೋಲ್ಟುಗಳು ಒಳಗೇ ಬಾಗಿ, ನಟ್ಟುಗಳು ತಮ್ಮ ಗುಂಡಿಯಲ್ಲಿ ಓರೆಯಾಗಿ ಕೂತು, ಹೊರೆ ಬಿದ್ದಾಗ ಸಡಿಲಗೊಳ್ಳುತ್ತವೆ ಅಥವಾ ಮುರಿಯುತ್ತವೆ. ಕೈಯಿಂದಲೇ ನಾಲ್ಕೂ ನಟ್ಟುಗಳು ಕೊನೆಯವರೆಗೆ ಸುಲಭವಾಗಿ ತಿರುಗದಿದ್ದರೆ ಆ ರಿಮ್ ಆ ಗಾಡಿಯದಲ್ಲ ಎಂದು ತೀರ್ಮಾನಿಸಬೇಕು.

ಎರಡನೆಯದು ರಿಮ್ಮಿನ ನಡುವಿನ ರಂಧ್ರ. ಅನೇಕ ವಾಹನಗಳಲ್ಲಿ ಈ ರಂಧ್ರವು ಹಬ್ಬಿನ ಮೂತಿಯ ಮೇಲೆ ಬಿಗಿಯಾಗಿ ಕೂತು ಚಕ್ರವನ್ನು ನಡುಮಧ್ಯಕ್ಕೆ ತರುತ್ತದೆ. ರಂಧ್ರ ದೊಡ್ಡದಾದರೆ ಚಕ್ರ ಸ್ವಲ್ಪ ಪಕ್ಕಕ್ಕೆ ಸರಿದು ಸ್ಟಿಯರಿಂಗ್ ಅದುರುತ್ತದೆ. ಮೂರನೆಯದಾದ ಆಫ್‌ಸೆಟ್ ಹೊರೆಯ ಗಾಡಿಗೆ ಇನ್ನೂ ಮುಖ್ಯ. ರಿಮ್ಮಿನ ಅಗಲದ ನಟ್ಟನಡುವಿನ ರೇಖೆಗೂ ಅದು ಹಬ್ಬಿಗೆ ತಾಗುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಇದು ಬದಲಾದರೆ ಚಕ್ರ ಹೊರಕ್ಕೋ ಒಳಕ್ಕೋ ಸರಿಯುತ್ತದೆ. ಹೊರಕ್ಕೆ ಸರಿದಷ್ಟೂ ಗಾಡಿ ಅಗಲವಾಗಿ ಚೆನ್ನಾಗಿ ಕಾಣುತ್ತದಾದರೂ, ಭಾರವು ಚಕ್ರದ ಬೇರಿಂಗಿನಿಂದ ದೂರ ಹೋಗಿ ಅದರ ಮೇಲೆ ಸನ್ನೆಯಂತೆ ಎಳೆಯತೊಡಗುತ್ತದೆ. ಖಾಲಿ ಗಾಡಿಯಲ್ಲಿ ವರ್ಷಗಟ್ಟಲೆ ಬಾಳುವ ಬೇರಿಂಗ್ ದಿನವೂ ಹೊರೆ ಹೊರುವ ಗಾಡಿಯಲ್ಲಿ ಬೇಗನೆ ಸದ್ದು ಮಾಡತೊಡಗುವುದಕ್ಕೆ ಇದೊಂದು ಕಾರಣ.

ನಾಲ್ಕನೆಯದು ರಿಮ್ಮಿನ ಸ್ವಂತ ಬಲ. ಟೈರಿಗಿರುವಂತೆ ರಿಮ್ಮಿಗೂ ಹೊರೆಯ ಮಿತಿಯುಂಟು, ಗಾಳಿಯ ಒತ್ತಡದ ಮಿತಿಯೂ ಉಂಟು. ಕಾರಿನ ಒತ್ತಡಕ್ಕೆಂದು ಮಾಡಿದ ತೆಳು ರಿಮ್ಮಿನ ಮೇಲೆ ಲೋಡ್ ಟೈರು ಕೂರಿಸಿ 65 ಪಿಎಸ್‌ಐ ತುಂಬಿದರೆ ಬಲಹೀನ ಭಾಗ ಟೈರಿನಿಂದ ರಿಮ್ಮಿಗೆ ಸ್ಥಳಾಂತರವಾಯಿತೇ ಹೊರತು ಹೋಗಲಿಲ್ಲ. ಅಲಾಯ್ ಚಕ್ರಗಳ ಮೇಲೆ ಕಾಣುವ ‘ಜೆಡಬ್ಲ್ಯುಎಲ್’ ಎಂಬ ಗುರುತು ಜಪಾನಿನ ಮಾನಕದಂತೆ ಪ್ರಯಾಣಿಕ ಕಾರಿನ ಪರೀಕ್ಷೆಯನ್ನು ದಾಟಿದ್ದನ್ನು ಸೂಚಿಸಿದರೆ, ಟ್ರಕ್ಕು ಬಸ್ಸುಗಳಿಗೆ ಇರುವ ಗುರುತು ‘ಜೆಡಬ್ಲ್ಯುಎಲ್-ಟಿ’. ಸರಕಿನ ವ್ಯಾನಿಗೆ ಅಲಾಯ್ ಬೇಕೇಬೇಕೆಂದಿದ್ದರೆ ಈ ಎರಡನೆಯ ಗುರುತನ್ನು ಹುಡುಕಬೇಕು. ಅದಿಲ್ಲದಿದ್ದರೆ ಕಂಪನಿಯ ಉಕ್ಕಿನ ರಿಮ್ಮೇ ಮೇಲು. ಗುಂಡಿಗೆ ಬಿದ್ದಾಗ ಉಕ್ಕು ಬಾಗುತ್ತದೆ, ಕಳಪೆ ಎರಕದ ಅಲಾಯ್ ಬಿರಿಯುತ್ತದೆ. ಹಾಗೆ ಬಿರಿದ ರಿಮ್ಮನ್ನು ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಿಸಿಕೊಳ್ಳುವುದನ್ನು ಯಾವ ಉಳಿತಾಯವೂ ಸಮರ್ಥಿಸಲಾರದು, ಏಕೆಂದರೆ ವೆಲ್ಡಿಂಗಿನ ಶಾಖ ಬಿರುಕಿನ ಸುತ್ತಲಿನ ಲೋಹದ ಹದವನ್ನೇ ಕೆಡಿಸಿಬಿಡುತ್ತದೆ.

ಮೀನು ಸಾಗಿಸುವ ವ್ಯಾನುಗಳಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ, ಅದು ಸಾಕಷ್ಟು ಗಮನಕ್ಕೆ ಬಂದಿಲ್ಲ. ಪೆಟ್ಟಿಗೆಗಳಲ್ಲಿನ ಮಂಜುಗಡ್ಡೆ ಕರಗಿ ಮೀನಿನ ಉಪ್ಪಿನೊಡನೆ ಕೆಳಗೆ ಸೋರುವ ನೀರು ದಿನವೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ, ಮೀನಿನ ಜೊತೆಗೆ ತೂಗದೆ ಬಿಟ್ಟ ಮಂಜುಗಡ್ಡೆಯ ಭಾರವೂ ಅದೇ ಚಕ್ರಗಳ ಮೇಲಿರುತ್ತದೆ. ಉಪ್ಪುನೀರಿನಿಂದ ರಿಮ್ಮಿನ ಅಂಚು, ಅಂದರೆ ಟೈರಿನ ಒಳಬಳೆ ಒತ್ತಿಕೊಂಡು ಗಾಳಿಯನ್ನು ತಡೆಯಬೇಕಾದ ಜಾಗ, ತುಕ್ಕು ಹಿಡಿದು ಒರಟಾದಾಗ ಟ್ಯೂಬ್‌ಲೆಸ್ ಟೈರಿನ ಗಾಳಿ ದಿನಕ್ಕಿಷ್ಟೆಂದು ಇಳಿಯುತ್ತದೆ. ಪಂಕ್ಚರ್ ಹುಡುಕಿದರೆ ಸಿಗುವುದಿಲ್ಲ, ಗಾಳಿ ಇಳಿದ ಟೈರು ಹೊರೆಯ ಕೆಳಗೆ ಬೇಯುವುದು ನಿಲ್ಲುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಕಂಡುಕೊಳ್ಳುವ ಪರಿಹಾರವೆಂದರೆ ಒಳಗೊಂದು ಟ್ಯೂಬ್ ಹಾಕಿಸುವುದು. ಆದರೆ ಆ ತುಕ್ಕಿನ ಅಂಚೇ ಟ್ಯೂಬನ್ನು ಉಜ್ಜಿ ಸವೆಸುತ್ತದೆ ಮತ್ತು ಟ್ಯೂಬ್ ಒಡೆದರೆ ಗಾಳಿ ನಿಧಾನವಾಗಿ ಹೋಗದೆ ಒಮ್ಮೆಲೇ ಹೋಗುವುದರಿಂದ, ನಿಧಾನದ ತೊಂದರೆಯೊಂದು ಹಠಾತ್ತಾದ ಅಪಾಯವಾಗಿ ಮಾರ್ಪಡುತ್ತದೆ. ಟೈರು ಬದಲಿಸುವಾಗ ರಿಮ್ಮನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಬಣ್ಣ ಹಚ್ಚಿಸುವುದು ಸರಿಯಾದ ಮಾರ್ಗ; ತುಕ್ಕು ಲೋಹವನ್ನು ತಿಂದು ಹಳ್ಳ ಮಾಡಿದ್ದರೆ ರಿಮ್ಮನ್ನೇ ಬದಲಿಸಬೇಕು. ಹಾಗೆಯೇ, ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ವಾಲ್ವನ್ನು ಪ್ರತಿ ಹೊಸ ಟೈರಿನೊಡನೆ ಹೊಸದಾಗಿ ಹಾಕಿಸಬೇಕು. ಕಾರುಗಳಲ್ಲಿ ಬಳಸುವ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿಯೂ 65 ಪಿಎಸ್‌ಐ ಆಗಿರುವುದರಿಂದ, ಪೂರ್ಣ ಒತ್ತಡದಲ್ಲಿ ಓಡುವ ಗಾಡಿಗೆ ನಟ್ಟಿನಿಂದ ಬಿಗಿಯುವ ಲೋಹದ ವಾಲ್ವ್ ಹೆಚ್ಚು ತಕ್ಕದ್ದು.

12 ಅಂಗುಲದ ಬದಲು 13 ಅಂಗುಲದ ರಿಮ್ ಹಾಕಿಸಿ ಓಮ್ನಿಯನ್ನು ಚೆಲುವಾಗಿಸುವ ಆಸೆಯ ಬಗ್ಗೆಯೂ ಓದುಗರ ಪ್ರಶ್ನೆಗಳಿವೆ. ಹೊರಗಿನ ವ್ಯಾಸ ಬದಲಾಗದಂತೆ ನೋಡಿಕೊಂಡರೆ ಸ್ಪೀಡೋಮೀಟರಿನ ಲೆಕ್ಕ ಕೆಡುವುದಿಲ್ಲವೆಂಬ ಸಲಹೆ ಪ್ರಚಲಿತವಾಗಿದ್ದು, ಆ ಲೆಕ್ಕದಿಂದ 155/65 ಆರ್ 13 ಟೈರು ಚೆನ್ನಾಗಿಯೇ ಹೊಂದುತ್ತದೆ: ಅದರ ವ್ಯಾಸ ಸುಮಾರು 532 ಮಿಲಿಮೀಟರ್, 145/80 ಆರ್ 12ರದು 537. ಆದರೆ ಹೆಚ್ಚು ಅಗಲವಾಗಿ, ಹೆಚ್ಚು ದೊಡ್ಡ ರಿಮ್ಮಿನ ಮೇಲೆ ಕೂತು, ಹೆಚ್ಚು ಗಟ್ಟಿಯಾಗಿ ಕಾಣುವ ಈ ಟೈರಿನ ಸಾಮಾನ್ಯ ಹೊರೆಸೂಚಿ 73, ಅಂದರೆ 365 ಕೆ.ಜಿ. 6 ಪಿಆರ್ ಲೋಡ್ ಟೈರಿಗೆ ಹೋಲಿಸಿದರೆ ಪ್ರತಿ ಚಕ್ರಕ್ಕೆ 85 ಕೆ.ಜಿ. ಕಡಿಮೆಯಾಯಿತು. ಮನೆಯ ನಾಲ್ವರನ್ನು ಮಾತ್ರ ಕರೆದೊಯ್ಯುವ ಓಮ್ನಿಗೆ ಇದರಿಂದ ತೊಂದರೆಯಾಗದಿರಬಹುದು; ಮಕ್ಕಳನ್ನು ತುಂಬಿಕೊಳ್ಳುವ ಶಾಲಾ ವ್ಯಾನಿಗೂ ಮೂಟೆ ಹೊರುವ ವ್ಯಾನಿಗೂ ಇದು ಸಲ್ಲದು.

ಸರಕು ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಯೋಗ್ಯತಾ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವಿದೆ. ಆ ತಪಾಸಣೆಯಲ್ಲಿ ಟ್ರೆಡ್‌ನ ಆಳಕ್ಕೆ ಕೊಡುವಷ್ಟೇ ಮಹತ್ವವನ್ನು ಹೊರೆಸೂಚಿಗೂ ಕೊಟ್ಟು, ವಾಹನದ ನೋಂದಾಯಿತ ಒಟ್ಟು ತೂಕದೊಡನೆ ಅದನ್ನು ತಾಳೆ ನೋಡುವುದು ಇಂದಿರಾನಗರ, ಕೆ.ಆರ್. ಪುರಗಳ ಆರ್‌ಟಿಒ ಕಚೇರಿಗಳಿಂದಲೇ ಆರಂಭವಾದರೂ ಈ ಮಾರುಕಟ್ಟೆಗೆ ಬರುವ ಗಾಡಿಗಳಿಗೆ ದೊಡ್ಡ ಉಪಕಾರವಾದೀತು. ಬರೀ ಓದಿ ನೋಡುವ ಈ ಕೆಲಸಕ್ಕೆ ಯಂತ್ರವೂ ಬೇಡ. ಟೈರಿನ ಅಂಗಡಿಯವರು ಕೂಡ ಬಿಲ್ಲಿನಲ್ಲಿ ‘ಟೈರ್ 2’ ಎಂದಷ್ಟೇ ಬರೆಯದೆ ಅಳತೆ, ಪಿಆರ್, ಹೊರೆಸೂಚಿ, ತಯಾರಿಕೆಯ ವಾರಗಳನ್ನು ನಮೂದಿಸಬೇಕೆಂದು ಗ್ರಾಹಕರು ಕೇಳುವುದು ನ್ಯಾಯವಾದ ಬೇಡಿಕೆಯಾಗಿದೆ.

ಹೊಸ ಟೈರನ್ನು ಒಂದೊಂದಾಗಿ ಅಲ್ಲ, ಒಂದು ಅಚ್ಚಿಗೆ ಜೋಡಿಯಾಗಿಯೇ ಹಾಕಿಸಬೇಕು; ಒಂದೇ ಅಚ್ಚಿನಲ್ಲಿ ರೇಡಿಯಲ್ಲಿನ ಪಕ್ಕದಲ್ಲಿ ಓರೆ ಹೆಣಿಗೆಯ ಹಳೆಯ ಬಗೆಯ ಟೈರನ್ನಾಗಲಿ, 8 ಪಿಆರ್ ಪಕ್ಕದಲ್ಲಿ 6 ಪಿಆರ್ ಟೈರನ್ನಾಗಲಿ ಇಡಬಾರದು. ಎರಡೇ ಟೈರಿಗೆ ಹಣವಿದ್ದರೆ ಅವು ಹಿಂದಕ್ಕೆ ಹೋಗಬೇಕು, ಏಕೆಂದರೆ ಹೊರೆ ಅಲ್ಲಿದೆ, ಮಳೆಯಲ್ಲಿ ಹಿಂಭಾಗ ಜಾರಿದರೆ ಗಾಡಿಯನ್ನು ಹತೋಟಿಗೆ ತರುವುದೂ ಕಷ್ಟ. ರಿಮ್ ಬದಲಾದಾಗ ನಟ್ಟಿನ ಆಕಾರವೂ ಅದರ ಗುಂಡಿಯ ಆಕಾರಕ್ಕೆ ಹೊಂದಬೇಕು, ಉಕ್ಕಿನ ರಿಮ್ಮಿನ ನಟ್ಟನ್ನು ಅಲಾಯಿಗೆ ಬಳಸುವಂತಿಲ್ಲ. ಬಿಗಿದ ನಂತರ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು. ಇಷ್ಟಾದ ಮೇಲೂ ಮರೆತುಹೋಗುವುದು ಸ್ಟೆಪ್ನಿ. ನಾಲ್ಕು ಚಕ್ರಗಳಿಗೆ ಲೋಡ್ ಟೈರು ಹಾಕಿಸಿ, ಗಾಡಿಯ ಹೊಟ್ಟೆಯಡಿ ಕೆಸರು ಮೆತ್ತಿಕೊಂಡು ನೇತಾಡುವ ಐದನೆಯದಕ್ಕೆ ಹಳೆಯ ಕಾರಿನ ಟೈರನ್ನೇ ಬಿಟ್ಟರೆ, ರಾತ್ರಿ ಹೊಸಕೋಟೆಯ ಬಳಿ ಪಂಕ್ಚರ್ ಆದಾಗ ಪೂರ್ಣ ಹೊರೆಯ ಹಿಂದಿನ ಅಚ್ಚಿಗೆ ಏರುವುದು ಅದೇ ಟೈರು. ಆದ್ದರಿಂದ ಗಾಳಿ ಅಳೆಯುವ ಮೀಟರನ್ನು ವಾರಕ್ಕೊಮ್ಮೆ ಅದರ ವಾಲ್ವಿಗೂ ಹಿಡಿಯಬೇಕು, ಅದರ ಪಕ್ಕೆಯ ಮೇಲೂ ಎಲ್‌ಟಿ ಎಂಬ ಎರಡು ಅಕ್ಷರಗಳಿರಬೇಕು.